ಎರಡನೆಯ ಪಂಕ್ತಿಯ ಸಾರಥಿಗಳು

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹುಡುಗರಿಗೆ ಹಳಗನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಮೋಟಾರು ಪಂದ್ಯದಲ್ಲಿ ಏನು ಕೆಲಸ ಎಂದು ವಾಚಕರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ ಸರಿ. ನನಗೆ ಕಾರು ಓಡಿಸಲು ಬರುವುದಿಲ್ಲ. ಇಳಿಜಾರು ಬಂದರೆ ಸೈಕಲ್ಲಿನಿಂದಲೂ ಇಳಿದು ತಳ್ಳಿಕೊಂಡು ಹೋಗುವ ಪಂಗಡಕ್ಕೆ ಸೇರಿದವನು ನಾನು. ಆದರೂ 2017ರ ನವೆಂಬರ್ ತಿಂಗಳ ಕೊನೆಯಲ್ಲಿ ಒಂದು ಬೆಳಗ್ಗೆ, ಚಿಕ್ಕಮಗಳೂರಿನ ಸಮೀಪದ ಕಾಫಿ ತೋಟವೊಂದರ ಧರೆಯ ಮೇಲೆ, ಸಿಲ್ವರ್ ಓಕ್ ಮರವೊಂದಕ್ಕೆ ಬೆನ್ನು ಕೊಟ್ಟು, ಮೂಗಿಗೆ ಪಂಚೆಯ ಚುಂಗು ಒತ್ತಿಕೊಂಡು, ನಾನು ನಿಂತಿದ್ದೆ. ಕರೆದುಕೊಂಡು ಹೋದವನು ನನ್ನ ತಂಗಿಯ ಮಗ. ಏಷ್ಯಾ ಪೆಸಿಫಿಕ್ ರ‍್ಯಾಲಿ ಪಂದ್ಯಾವಳಿಯ ಕೊನೆಯ ಸುತ್ತು ಅಲ್ಲಿ ನಡೆಯುತ್ತಿತ್ತು.

ಕಾಫಿ ಹಣ್ಣು ಕೆಂಪೇರುವ ಕಾಲ ಅದು. ತೋಟದ ಮಣ್ಣುರಸ್ತೆಯನ್ನು ಹಗ್ಗ ಕಟ್ಟಿ ಮುಚ್ಚಿದ್ದರು. ಹಣ್ಣು ಕೊಯ್ಯುವ ಹೆಂಗಸರು ಸೊಂಟಕ್ಕೆ ಚೀಲ ಕಟ್ಟಿಕೊಂಡೇ ಮೇಲಿನ ಧರೆಯಲ್ಲಿ ಸಾಲಾಗಿ ಕುಳಿತಿದ್ದರು. ತೋಟದ ರೈಟರು ಅವರನ್ನು ಇನ್ನೂ ಮೇಲಕ್ಕೆ, ಇನ್ನೂ ಮೇಲಕ್ಕೆ ಎಂದು ಗದರಿಸುತ್ತಿದ್ದರು. ಬಹಳ ಹೊತ್ತು ಏನೂ ಇಲ್ಲ. ಹಕ್ಕಿಯ ಕೂಗು, ಎಲ್ಲೋ ಒಂದು ಸೀಟಿ. ಆಮೇಲೆ ಕಣಿವೆಯ ಆಚೆಯಿಂದ ಬಟ್ಟೆ ಹರಿದಂಥ ಒಂದು ಸದ್ದು ಹೊರಟು, ಗುಡ್ಡದ ಮರೆಗೆ ಹೋಗಿ, ಮತ್ತೆ ಹೊರಬಿದ್ದು, ದೊಡ್ಡದಾಗುತ್ತ ಬಂತು.

“ಮಾವಾ, ಮೂರೇ ಸೆಕೆಂಡು. ಕಣ್ಣು ಮಿಟುಕಿಸಬೇಡಿ” ಎಂದ ಹುಡುಗ.

ತಿರುವಿನ ಆಚೆ ಏನಿದೆಯೆಂದು ಕಾಣದ ಕಡೆಯಿಂದ ಒಂದು ಕಾರು ಅಡ್ಡಡ್ಡವಾಗಿ ಬಂತು. ಅಡ್ಡಡ್ಡ ಎಂಬ ಮಾತನ್ನು ನಾನು ಅಲಂಕಾರಕ್ಕೆ ಬಳಸಿದ್ದಲ್ಲ. ಅದರ ಮುಖ ಗುಡ್ಡದ ಕಡೆಗಿತ್ತು, ಅದು ಹೋಗುತ್ತಿದ್ದ ದಿಕ್ಕು ರಸ್ತೆಯದಾಗಿತ್ತು. ಕಲ್ಲುಗಳು ಕಾಫಿ ಗಿಡಗಳ ಮೇಲೆ ಆಲಿಕಲ್ಲಿನಂತೆ ಬಿದ್ದವು. ಮುಂದಿನ ತಿರುವೂ ಕಾಣುವಂತಿರಲಿಲ್ಲ. ಆದರೆ ಕಾರು ಆ ತಿರುವಿಗೆ ಬೇಕಾದಂತೆ ಆಗಲೇ ಮೈ ತಿರುಗಿಸಿಕೊಂಡಿತ್ತು. ಕಣ್ಣಿಗೆ ಬೀಳದ ತಿರುವಿಗೆ ಮುಂಚಿತವಾಗಿಯೇ ಅಣಿಯಾದ ಆ ಬಗೆ ನನ್ನನ್ನು ಬೆರಗುಗೊಳಿಸಿತು. ಧೂಳು ತಗ್ಗಿದ ಮೇಲೆ ಕೇಳಿದೆ: “ಅವನಿಗೆ ಹೇಗೆ ಗೊತ್ತಾಯಿತು?”

“ಪಕ್ಕದಲ್ಲಿ ಇರುವವರು ಓದಿ ಹೇಳುತ್ತಾರೆ ಮಾವ.”

ಓದಿ ಹೇಳುತ್ತಾರೆ! ಜೀವಮಾನವೆಲ್ಲ ಓದಿ ಹೇಳುವುದನ್ನೇ ಮಾಡಿದ ನನಗೆ ಈ ಮಾತು ತಟ್ಟಿತು. ಆ ದಿನದಿಂದ ಈ ವಿದ್ಯೆಯ ಬೆನ್ನು ಹತ್ತಿ ನಾನು ತಿಳಿದುಕೊಂಡ ಒಂದಿಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ರ‍್ಯಾಲಿ ಎಂದರೇನೆಂಬುದನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡಬೇಕು. ಇದು ಗುಂಡಗೆ ಕಟ್ಟಿದ ಹಾದಿಯಲ್ಲಿ ಒಟ್ಟಿಗೆ ಸುತ್ತುವ ಪಂದ್ಯವಲ್ಲ. ಜನ ಓಡಾಡುವ ಊರ ರಸ್ತೆ, ಕಾಡು ರಸ್ತೆಗಳನ್ನೇ ಕೆಲವು ಗಂಟೆಗಳ ಮಟ್ಟಿಗೆ ಮುಚ್ಚಿ, ಒಂದೊಂದೇ ಕಾರನ್ನು ನಿಮಿಷಗಳ ಅಂತರದಲ್ಲಿ ಬಿಡುತ್ತಾರೆ. ಹೀಗೆ ಮುಚ್ಚಿದ ತುಂಡುಗಳಿಗೆ ವಿಶೇಷ ಹಂತಗಳೆಂದು ಹೆಸರು. ಎಲ್ಲ ಹಂತಗಳ ಕಾಲವನ್ನು ಕೂಡಿಸಿ, ಯಾರದು ಕಡಮೆಯೋ ಅವರು ಗೆದ್ದರು. ಒಂದು ಹಂತದಿಂದ ಇನ್ನೊಂದಕ್ಕೆ ಹೋಗುವಾಗ ಅದೇ ಕಾರು ಎತ್ತಿನ ಗಾಡಿಯ ಹಿಂದೆ ಕಾಯಬೇಕು, ಪೇಟೆಯ ದೀಪಕ್ಕೆ ನಿಲ್ಲಬೇಕು, ಪೊಲೀಸಿನವನ ಕೈಗೆ ತಲೆಬಾಗಬೇಕು. ಕಾಲಪರೀಕ್ಷೆಯ ಕಟ್ಟೆಗೆ ಒಂದು ನಿಮಿಷ ತಡವಾಗಿ ಬಂದರೆ ಹತ್ತು ಸೆಕೆಂಡು ದಂಡ. ಒಂದು ನಿಮಿಷ ಮುಂಚೆ ಬಂದರೆ ಪೂರ್ತಿ ಒಂದು ನಿಮಿಷ ದಂಡ. ಅವಸರಪಡುವುದೇ ಕಸುಬಾದ ಆಟದಲ್ಲಿ ಆತುರಕ್ಕೆ ಆರು ಪಾಲು ಹೆಚ್ಚು ಶಿಕ್ಷೆಯಿಟ್ಟ ಶಾಸ್ತ್ರಕಾರ ಯಾರೋ, ರಸಿಕನಿರಬೇಕು.

ಈಗ ಓದಿ ಹೇಳುವವನ ವಿಚಾರ. ಪಂದ್ಯಕ್ಕೆ ಮುಂಚೆ ಇಬ್ಬರೂ ಆ ಹಾದಿಯಲ್ಲಿ ಸಾಮಾನ್ಯವಾದೊಂದು ಕಾರಿನಲ್ಲಿ ನಿಧಾನವಾಗಿ, ಸಾಧಾರಣವಾಗಿ ಎರಡೇ ಎರಡು ಸಲ, ಹೋಗಿಬರಲು ಅಪ್ಪಣೆಯುಂಟು. ಓಡಿಸುವವನು ಪ್ರತಿ ತಿರುವನ್ನೂ ಕಂಡಂತೆ ಬಾಯಲ್ಲಿ ಹೇಳುತ್ತ ಹೋಗುತ್ತಾನೆ; ಪಕ್ಕದವನು ಪೆನ್ಸಿಲಿನಲ್ಲಿ ಪುಸ್ತಕಕ್ಕೆ ಇಳಿಸುತ್ತಾನೆ. ತಿರುವು ಎಡಕ್ಕೋ ಬಲಕ್ಕೋ; ಎಷ್ಟು ಬಿಗಿ ಎಂಬುದಕ್ಕೆ ಒಂದು ಅಂಕಿ; ಮುಂದಿನ ತಿರುವಿಗೆ ಎಷ್ಟು ಮೀಟರು; ನಡುವೆ ದಿಬ್ಬವಿದೆಯೋ, ಹಳ್ಳವಿದೆಯೋ; ತಿರುವು ಹೋಗುತ್ತ ಹೋಗುತ್ತ ಬಿಗಿಯುತ್ತದೆಯೋ ಸಡಿಲಾಗುತ್ತದೆಯೋ; ಒಳಗಡೆ ಕಲ್ಲಿದ್ದು ಅಂಚಿಗೆ ಹೋಗಬಾರದೋ. ನಾನು ಕನ್ನಡದಲ್ಲಿ ಬರೆದು ನೋಡಿದೆ: “ಎಡ ಐದು, ಅರವತ್ತು, ದಿಬ್ಬ, ಬಲ ಮೂರು, ಬಿಗಿ, ಒಳಗೆ ಕಲ್ಲು.” ಕ್ರಿಯಾಪದವೇ ಇಲ್ಲದ ವಾಕ್ಯ. ನಮ್ಮ ಸೂತ್ರಕಾರರು ಅರ್ಧ ಮಾತ್ರೆ ಉಳಿದರೂ ಪುತ್ರೋತ್ಸವವಾದಂತೆ ಹಿಗ್ಗುತ್ತಿದ್ದರಂತೆ. ಈ ಬರಹವನ್ನು ಕಂಡಿದ್ದರೆ ತಲೆದೂಗುತ್ತಿದ್ದರು.

ಪಂದ್ಯದ ದಿನ ಪಕ್ಕದವನ ಕಣ್ಣು ರಸ್ತೆಯ ಮೇಲೆ ಇರುವುದು ಅಪರೂಪ. ಅವನ ಕಣ್ಣು ಹಾಳೆಯ ಮೇಲೆ. ರಸ್ತೆಯಲ್ಲಿ ತಾನೆಲ್ಲಿದ್ದೇನೆ ಎಂಬುದು ಅವನಿಗೆ ತಿಳಿಯುವುದು ಹೆಚ್ಚಾಗಿ ಕುಳಿತ ಜಾಗದಿಂದ, ಸೊಂಟಕ್ಕೂ ಬೆನ್ನಿಗೂ ತಗಲುವ ಒತ್ತಡದಿಂದ. ಅವನು ಓದಬೇಕಾದದ್ದು ಈಗಿನ ತಿರುವನ್ನಲ್ಲ, ಮುಂದಿನದನ್ನು. ಕೆಲವು ವೇಳೆ ಅದರ ಮುಂದಿನದನ್ನು. ತೀರ ಮುಂಚೆ ಓದಿದರೆ ಕೇಳಿದವನು ಮರೆಯುತ್ತಾನೆ. ತಡವಾದರೆ ಕೇಳಲು ಯಾರೂ ಉಳಿಯದಿರಬಹುದು. ಗಮಕಿಗಳ ವಾಚನವನ್ನು ಕೇಳಿ ಬೆಳೆದವರಿಗೆ ಇದರ ಮರ್ಮ ಬೇಗ ತಿಳಿಯುತ್ತದೆ. ಯತಿ ತಪ್ಪಿದರೆ, ಪದಚ್ಛೇದ ತಪ್ಪಿದರೆ, ನಮ್ಮಲ್ಲಿ ಅರ್ಥ ಕೆಡುತ್ತದೆ. ಅಲ್ಲಿ ಅಂಕಿಯೊಂದು ದೂರವೋ ತಿರುವಿನ ಬಿಗಿಯೋ ಎಂಬ ಗೊಂದಲವಾದರೆ ಕಾರು ಮರಕ್ಕೆ ಹೋಗುತ್ತದೆ. ನನ್ನ ತರಗತಿಯಲ್ಲಿ ತಪ್ಪು ಓದಿದ ಹುಡುಗರನ್ನು ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಈಗ ಅದು ಅಲ್ಪ ಶಿಕ್ಷೆಯೆಂದು ತೋರುತ್ತದೆ.

ಈ ಜೋಡಿಯ ವಿಚಾರ ಯೋಚಿಸುವಾಗೆಲ್ಲ ನನ್ನ ಮನಸ್ಸು ನಳೋಪಾಖ್ಯಾನಕ್ಕೆ ಹೋಗುತ್ತದೆ. ಬಾಹುಕನ ವೇಷದ ನಳ ಋತುಪರ್ಣನನ್ನು ಕೂರಿಸಿಕೊಂಡು ವಿದರ್ಭಕ್ಕೆ ರಥ ಬಿಡುತ್ತಾನೆ. ರಾಜನ ಉತ್ತರೀಯ ಗಾಳಿಗೆ ಹಾರುತ್ತದೆ. ನಿಲ್ಲಿಸು ಎನ್ನುವಷ್ಟರಲ್ಲಿ ಅದು ಒಂದು ಯೋಜನ ಹಿಂದೆ ಬಿದ್ದಿದೆ. ಎಲ್ಲರೂ ನೆನೆಯುವುದು ಈ ವೇಗವನ್ನು. ನನಗೆ ಹೆಚ್ಚಿನದೆಂದು ತೋರುವುದು ಅದರ ಮುಂದಿನ ಘಟನೆ. ಹಾದಿಯ ಪಕ್ಕದ ತಾರೆಯ ಮರದ ಎಲೆ ಕಾಯಿಗಳನ್ನು ಋತುಪರ್ಣ ಕಣ್ಣಳತೆಯಲ್ಲೇ ಎಣಿಸಿ ಹೇಳುತ್ತಾನೆ. ನಳನಲ್ಲಿ ಅಶ್ವಹೃದಯ, ಋತುಪರ್ಣನಲ್ಲಿ ಅಕ್ಷಹೃದಯ. ಒಬ್ಬನಿಗೆ ಕುದುರೆ ಗೊತ್ತು, ಇನ್ನೊಬ್ಬನಿಗೆ ಎಣಿಕೆ ಗೊತ್ತು. ಒಂದು ರಥದಲ್ಲಿ ಕುಳಿತ ಇಬ್ಬರು ತಮ್ಮ ತಮ್ಮ ವಿದ್ಯೆಯನ್ನು ವಿನಿಮಯ ಮಾಡಿಕೊಳ್ಳುತ್ತಾರೆ. ರ‍್ಯಾಲಿಯ ಕಾರಿನಲ್ಲಿ ನಡೆಯುವುದು ಇದೇ. ಕರ್ಣನ ಪಕ್ಕದಲ್ಲಿ ಶಲ್ಯ ಕುಳಿತರೆ ಏನಾಗುತ್ತದೆಂಬುದೂ ನಮಗೆ ಗೊತ್ತಿರುವ ಕಥೆಯೇ.

ಇಷ್ಟು ಪೀಠಿಕೆ. ನಾನು ಹೇಳಬೇಕೆಂದಿದ್ದದ್ದು ಎರಡನೆಯ ಪಂಕ್ತಿಯವರ ವಿಚಾರ.

ಮದುವೆಯ ಮನೆಯಲ್ಲಿ ಮೊದಲನೆಯ ಪಂಕ್ತಿ ಬೀಗರದು, ದೊಡ್ಡವರದು. ಎರಡನೆಯ ಪಂಕ್ತಿಗೂ ಅನ್ನ ಅದೇ, ಸಾರು ಅದೇ, ಅಡಿಗೆಯವನೂ ಅವನೇ. ಆದರೆ ಉಪಚಾರ ಬೇರೆ. ವಿಶ್ವ ರ‍್ಯಾಲಿ ಪಂದ್ಯಾವಳಿ 1973ರಲ್ಲಿ ಆರಂಭವಾಯಿತು. ಅದರ ಮೊದಲ ಪಂಕ್ತಿಯಲ್ಲಿ ಕುಳಿತವರು ಕಾರಿನ ಕಾರ್ಖಾನೆಗಳ ಕೂಲಿಗೆ ಓಡಿಸುವ ದೊಡ್ಡ ಹೆಸರಿನವರು. ಎಂಬತ್ತರ ದಶಕದಲ್ಲಿ ಇವರಿಗೆ ಕಾರ್ಖಾನೆಗಳು ಕಟ್ಟಿಕೊಟ್ಟ ಕಾರುಗಳು ಕಾರಿನ ಹೆಸರು ಹೊತ್ತ ಬಾಣಬಿರುಸುಗಳೇ ಆಗಿದ್ದವು. ‘ಬಿ’ ಗುಂಪಿನವೆಂದು ಅವುಗಳನ್ನು ಕರೆಯುತ್ತಿದ್ದರು. 1986ರ ಮಾರ್ಚಿಯಲ್ಲಿ ಪೋರ್ಚುಗಲ್ಲಿನಲ್ಲಿ ಅಂಥದೊಂದು ಕಾರು ರಸ್ತೆಯನ್ನು ಒತ್ತಿಕೊಂಡು ನಿಂತಿದ್ದ ಜನರ ಮೇಲೆ ಹಾಯಿತು, ಮೂವರು ಸತ್ತರು. ಮೇ ತಿಂಗಳಲ್ಲಿ ಕಾರ್ಸಿಕಾ ದ್ವೀಪದ ಪ್ರಪಾತವೊಂದಕ್ಕೆ ಬಿದ್ದ ಕಾರಿನಲ್ಲಿ ಹೆನ್ರಿ ಟೊಯ್ವೊನೆನ್ ಎಂಬ ಫಿನ್ಲೆಂಡಿನ ತರುಣ, ಅವನಿಗೆ ಓದಿ ಹೇಳುತ್ತಿದ್ದ ಸೆರ್ಜಿಯೊ ಕ್ರೆಸ್ಟೊ, ಇಬ್ಬರೂ ಬೆಂದುಹೋದರು. ಆ ವರ್ಷದ ಕೊನೆಗೆ ಆ ಕಾರುಗಳಿಗೆ ನಿಷೇಧ ಬಂತು.

ಮರುವರ್ಷ, 1987ರಲ್ಲಿ, ಅಂತರರಾಷ್ಟ್ರೀಯ ಮೋಟಾರು ಸಂಸ್ಥೆ ಒಂದು ಹೊಸ ಬಟ್ಟಲನ್ನು ಇಟ್ಟಿತು: ಅಂಗಡಿಯಲ್ಲಿ ಮಾರುವ ಕಾರನ್ನು ಓಡಿಸುವವರಿಗೆ. ಇವುಗಳದು ‘ಎನ್’ ಗುಂಪು. ಇದಕ್ಕೆ ಅರ್ಹವಾಗಬೇಕಾದರೆ ಆ ಮಾದರಿಯ ಕಾರುಗಳು ಸಾವಿರಗಟ್ಟಲೆ ತಯಾರಾಗಿರಬೇಕು. ತೊಂಬತ್ತರ ದಶಕದಲ್ಲಿ ಈ ಲೆಕ್ಕ ಹನ್ನೆರಡು ತಿಂಗಳಿಗೆ 2,500 ಎಂದಿತ್ತು. ಒಳಗೆ ಪ್ರಾಣರಕ್ಷಣೆಗೆ ಉಕ್ಕಿನ ಪಂಜರ ಕಟ್ಟಬಹುದು, ಆಸನ ಬದಲಿಸಬಹುದು, ಕುಲುಕು ತಡೆಯುವ ಅಂಗಗಳನ್ನು ಗಟ್ಟಿ ಮಾಡಬಹುದು. ಎಂಜಿನ್ನನ್ನು ಮಾತ್ರ ಬಹುಮಟ್ಟಿಗೆ ಹುಟ್ಟಿದಂತೆಯೇ ಬಿಡಬೇಕು. ಅಂದರೆ, ಡಾಕ್ಟರೊಬ್ಬರು ಆಸ್ಪತ್ರೆಗೆ ಹೋಗಿಬರುವ ಕಾರಿನ ಒಡಹುಟ್ಟು ಹಿಮದಲ್ಲಿ, ಕೆಸರಿನಲ್ಲಿ, ಕಲ್ಲುಹಾದಿಯಲ್ಲಿ ಪಂದ್ಯಕ್ಕೆ ಬಂತು. 2002ರಲ್ಲಿ ಈ ಬಟ್ಟಲಿಗೆ ವಿಶ್ವ ಪಂದ್ಯಾವಳಿಯೆಂಬ ಪೂರ್ಣ ಬಿರುದು ಸಿಕ್ಕಿತು. 2012ರವರೆಗೆ ನಡೆದು, 2013ರಿಂದ ಎರಡನೆಯ ಪಂಕ್ತಿಯ ಸ್ಥಾನಕ್ಕೆ ಡಬ್ಲ್ಯು.ಆರ್.ಸಿ. 2 ಎಂಬ ಹೆಸರಿನ, ಇನ್ನಷ್ಟು ಬಲವಾದ ಕಾರುಗಳ ಪಂದ್ಯಾವಳಿ ಬಂತು.

ಹೆಸರುಗಳ ಈ ಬದಲಾವಣೆ ವಾಚಕರಿಗೆ ಬೇಸರ ತರಿಸಿದರೆ ನಾನು ಆಕ್ಷೇಪಿಸಲಾರೆ, ನನಗೂ ತರಿಸಿತು. ಗಮನಿಸಬೇಕಾದ ವಿಚಾರ ಬೇರೆಯಿದೆ. ಎರಡನೆಯ ಪಂಕ್ತಿಯವರು ಓಡುವುದು ಅದೇ ದಿನ, ಅದೇ ರಸ್ತೆ, ಮೊದಲನೆಯವರು ಹಾದುಹೋದ ಮೇಲೆ. ಮೆದು ನೆಲದಲ್ಲಿ ಮುಂದೆ ಹೋದವರ ಚಕ್ರಗಳು ಮೊಳಕಾಲುದ್ದದ ಜಾಡು ಕೊರೆದಿರುತ್ತವೆ, ಒಳಗಿನ ಬಂಡೆಗಳನ್ನು ಎಬ್ಬಿಸಿ ನಡುರಸ್ತೆಗೆ ತಂದು ಹಾಕಿರುತ್ತವೆ. ಎಲೆ ಎತ್ತಿದ ನೆಲವನ್ನು ಸಾರಿಸುವುದಕ್ಕೆ ಇಲ್ಲಿ ಯಾರೂ ಇಲ್ಲ. ಕಡಮೆ ಬಲದ ಕಾರು, ಹೆಚ್ಚು ಕೆಟ್ಟ ಹಾದಿ. ಬರೆದುಕೊಂಡ ಪುಸ್ತಕದಲ್ಲಿ ಆ ಬಂಡೆಗಳು ಇರುವುದಿಲ್ಲ. ಎದುರಿಗೆ ಬಂದದ್ದನ್ನು ಓಡಿಸುವವನೇ ಆ ಕ್ಷಣದಲ್ಲಿ ಓದಿಕೊಳ್ಳಬೇಕು.

ಇಂಥಲ್ಲಿ ಗೆದ್ದವರ ಪಟ್ಟಿ ನೋಡಿದರೆ ಒಂದು ಸಂಗತಿ ಕಾಣುತ್ತದೆ. ಮೊದಲ ಪಂಕ್ತಿಯ ಪದವಿ ದೀರ್ಘಕಾಲ ಯೂರೋಪಿನ ಕೆಲವೇ ದೇಶಗಳ ಮನೆಯ ಆಸ್ತಿಯಂತಿದೆ. ಎರಡನೆಯ ಪಂಕ್ತಿಗೆ ಜಗತ್ತೇ ಬಂದು ಕುಳಿತಿತು. ಉರುಗ್ವೆಯ ಗುಸ್ತಾವೊ ಟ್ರೆಲ್ಲೆಸ್ 1996ರಿಂದ 1999ರ ತನಕ ನಾಲ್ಕು ವರ್ಷ ಬಿಡದೆ ಗೆದ್ದ. 2001ರಲ್ಲಿ ಅರ್ಜೆಂಟೀನದ ಗೇಬ್ರಿಯಲ್ ಪೊಜ್ಜೊ. ಜಪಾನಿನ ತೋಷಿಹಿರೊ ಅರಾಯ್ 2005 ಮತ್ತು 2007ರಲ್ಲಿ. ನಡುವೆ 2006ರಲ್ಲಿ ಕತಾರಿನ ನಾಸರ್ ಅಲ್ ಅತಿಯಾ. ಈತ ಮುಂದೆ ಡಕಾರ್ ಮರಳುಗಾಡಿನ ಪಂದ್ಯವನ್ನು ಹಲವು ಬಾರಿ ಗೆದ್ದದ್ದಷ್ಟೇ ಅಲ್ಲ, 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಹಾರುವ ಗುರಿಗೆ ಬಂದೂಕು ಹೊಡೆಯುವ ಸ್ಪರ್ಧೆಯಲ್ಲಿ ಕಂಚನ್ನೂ ಪಡೆದ. ನ್ಯೂಜಿಲೆಂಡಿನ ಹೇಡನ್ ಪ್ಯಾಡನ್ 2011ರಲ್ಲಿ ಗೆದ್ದು, ಮೇಲಿನ ಪಂಕ್ತಿಗೆ ಏರಿ, 2016ರಲ್ಲಿ ಅರ್ಜೆಂಟೀನದ ರ‍್ಯಾಲಿಯಲ್ಲಿ ಆ ಕಾಲದ ವಿಶ್ವವಿಜೇತನನ್ನೇ ಹಿಂದಿಕ್ಕಿದ.

ಇವರಲ್ಲಿ ನಮಗೆ ಹತ್ತಿರದವನೆನಿಸುವುದು ಕರಮ್‌ಜಿತ್ ಸಿಂಗ್. ಮಲೇಷ್ಯಾದ ಸಿಖ್ ಮನೆತನದವರು. ಬಿರುದಿನ ವರ್ಷವಾದ 2002ರಲ್ಲೇ, ಅಲೆನ್ ಓ ಎಂಬ ಸಹಚರನ ಓದಿನ ಮೇಲೆ, ಅವರು ವಿಶ್ವಪದವಿಯನ್ನು ಗೆದ್ದರು. ಏಷ್ಯಾದವನೊಬ್ಬನಿಗೆ ಅದು ಸಂದದ್ದು ಅದೇ ಮೊದಲು. ಅವರ ಕಾರು ಪ್ರೋಟಾನ್. ಮಲೇಷ್ಯಾದ ಹೆಸರು, ಜಪಾನಿನ ಮಿತ್ಸುಬಿಷಿ ಲ್ಯಾನ್ಸರಿನ ವಂಶ. ಹಾರುವ ಸಿಖ್ಖನೆಂಬ ಬಿರುದು ನಮ್ಮಲ್ಲಿ ಓಟಗಾರ ಮಿಲ್ಖಾ ಸಿಂಗರಿಗೆ ಸಂದಿತ್ತು; ಕೌಲಾಲಂಪುರದ ಕಡೆಯವರು ಅದನ್ನು ಕರಮ್‌ಜಿತರಿಗೂ ಕೊಟ್ಟರು. 2001, 2002 ಮತ್ತು 2004ರಲ್ಲಿ ಏಷ್ಯಾ ಪೆಸಿಫಿಕ್ ಪದವಿಯೂ ಅವರದೇ. ಇಷ್ಟು ಮಾಡಿದವರ ಹೆಸರು ನಮ್ಮ ಕ್ರೀಡಾಪುಟಗಳಲ್ಲಿ ಎಷ್ಟು ಸಲ ಬಂದಿತು? ನನ್ನ ಅಳಿಯನಿಗೇ, ಕಾರಿನ ಪುಸ್ತಕಗಳನ್ನು ಹಾಸಿ ಹೊದೆಯುವವನಿಗೆ, ನಾನು ಹೇಳಿದ ಮೇಲೆ ತಿಳಿಯಿತು. ಈ ಒಂದು ಸಲ ಪಾಠ ಹೇಳುವ ಸರದಿ ನನ್ನದಾಯಿತು.

2013ರಲ್ಲಿ ಡಬ್ಲ್ಯು.ಆರ್.ಸಿ. 2ರ ಮೊದಲ ಪದವಿ ಗೆದ್ದವನ ಕಥೆ ಬೇರೆ ತರಹದ್ದು. ಪೋಲೆಂಡಿನ ರಾಬರ್ಟ್ ಕುಬಿತ್ಸಾ ಕೆಳಗಿನಿಂದ ಮೇಲಕ್ಕೆ ಬಂದವನಲ್ಲ, ತುತ್ತತುದಿಯಿಂದ ಕೆಳಕ್ಕೆ ಬಿದ್ದವನು. ಫಾರ್ಮುಲಾ ಒಂದರ ಸಾಲಿನಲ್ಲಿದ್ದು 2008ರಲ್ಲಿ ಕೆನಡಾದ ಪಂದ್ಯವನ್ನು ಗೆದ್ದಿದ್ದ. 2011ರ ಫೆಬ್ರವರಿಯಲ್ಲಿ, ಬಿಡುವಿನ ದಿನವೆಂದು, ಇಟಲಿಯ ಆಂಡೋರ ಎಂಬ ಸಣ್ಣ ಊರಿನ ರ‍್ಯಾಲಿಗೆ ಹೋದ. ರಸ್ತೆಯಂಚಿನ ತಡೆಕಂಬಿ ಕಾರಿನ ಮುಂಭಾಗವನ್ನು ಸೀಳಿಕೊಂಡು ಒಳಗೆ ನುಗ್ಗಿ ಅವನ ಬಲಗೈಯನ್ನು ಬಹುಮಟ್ಟಿಗೆ ಕತ್ತರಿಸಿಬಿಟ್ಟಿತು. ಕೈ ಉಳಿಯಿತು, ಮೊದಲಿನ ಕೈಯಾಗಿ ಉಳಿಯಲಿಲ್ಲ. ಆ ಕೈಯೊಡನೆ ಎರಡು ವರ್ಷದ ಮೇಲೆ, ಯಾವ ಆಟ ಅವನನ್ನು ಹಾಗೆ ಮಾಡಿತ್ತೋ ಅದೇ ಆಟಕ್ಕೆ ಬಂದು ಐದು ರ‍್ಯಾಲಿಗಳಲ್ಲಿ ತನ್ನ ದರ್ಜೆಯಲ್ಲಿ ಮೊದಲಿಗನಾಗಿ ಪದವಿ ಪಡೆದ. ಇದನ್ನು ಛಲವೆನ್ನಬೇಕೋ ಹುಚ್ಚೆನ್ನಬೇಕೋ ನಾನು ಬಹಳ ದಿನ ತೂಗಿ ನೋಡಿದ್ದೇನೆ. ನನ್ನ ಹೆಂಡತಿಯ ತಕ್ಕಡಿಯಲ್ಲಿ ಅದು ಹುಚ್ಚೇ. 2019ರಲ್ಲಿ ಅವನು ಮತ್ತೆ ಫಾರ್ಮುಲಾ ಒಂದಕ್ಕೆ ಮರಳಿದ. 2025ರಲ್ಲಿ ಫ್ರಾನ್ಸಿನ ಲ ಮಾನ್ ಎಂಬಲ್ಲಿ ನಡೆಯುವ ಇಪ್ಪತ್ತನಾಲ್ಕು ಗಂಟೆಗಳ ಓಟವನ್ನು ಇನ್ನಿಬ್ಬರೊಡನೆ ಹಂಚಿಕೊಂಡು ಗೆದ್ದ. ಆದರೂ ರಸ್ತೆಯ ಆಟದಲ್ಲಿ ಅವನು ಪಡೆದ ವಿಶ್ವಪದವಿ ಆ ಎರಡನೆಯ ಪಂಕ್ತಿಯದೇ.

ನನಗೆ ಎಲ್ಲರಿಗಿಂತಲೂ ಮನಸ್ಸಿನಲ್ಲಿ ಉಳಿದವನು, ಈ ಪಟ್ಟಿಯಲ್ಲಿ ಹೆಸರೇ ಇಲ್ಲದವನು. ನ್ಯೂಜಿಲೆಂಡಿನ ಪೀಟರ್ ಬೋರ್ನ್. ಅವನನ್ನು ಆ ಹೆಸರಿನಿಂದ ಕರೆದವರು ಕಡಮೆ. ಎಲ್ಲರಿಗೂ ಅವನು ಪಾಸಮ್. ಚಿಕ್ಕವನಿದ್ದಾಗ ತಾಯಿಯ ಹಂಬರ್ ಕಾರನ್ನು ಓಡಿಸುತ್ತ, ರಸ್ತೆಗೆ ಅಡ್ಡ ಬಂದ ಪಾಸಮ್ ಎಂಬ ಮರದ ಮೇಲಿನ ಸಣ್ಣ ಪ್ರಾಣಿಯನ್ನು ಉಳಿಸಲು ಹೋಗಿ ಕಾರನ್ನು ಕೆಡವಿದನಂತೆ. ಅಂದಿನಿಂದ ಆ ಪ್ರಾಣಿಯ ಹೆಸರೇ ಇವನಿಗೆ ಅಂಟಿತು. ಅಡ್ಡನಾಮ ಹೀಗೆ ಒಂದು ಕರುಣೆಯಿಂದ ಬಂದದ್ದು ನನಗೆ ಪ್ರಿಯವಾಗಿದೆ.

ಅವನಿಗೆ ಓದಿ ಹೇಳುತ್ತಿದ್ದವನು ರಾಜರ್ ಫ್ರೀತ್. ಫ್ರೀತ್ ಆಕ್ಲೆಂಡ್ ವಿಶ್ವವಿದ್ಯಾನಿಲಯದಲ್ಲಿ ಖಭೌತ ಶಾಸ್ತ್ರವನ್ನು ಓದಿ ಡಾಕ್ಟರೇಟ್ ಪಡೆದವನು. ಮೋಟಾರು ಸೈಕಲ್ ಪಂದ್ಯಗಳಲ್ಲಿ ಸ್ವತಃ ಹೆಸರು ಮಾಡಿದ್ದವನು. ನಕ್ಷತ್ರಗಳ ಗಣಿತ ಬಲ್ಲವನೊಬ್ಬ ಕುಲುಕುವ ಕಾರಿನಲ್ಲಿ ತಲೆಬಗ್ಗಿಸಿ ಕುಳಿತು, ಮಣ್ಣುಹಾದಿಯ ತಿರುವುಗಳನ್ನು ಒಂದೊಂದಾಗಿ ಉಚ್ಚರಿಸುವುದನ್ನು ಊಹಿಸಿಕೊಳ್ಳಿ. 1993ರ ಸೆಪ್ಟೆಂಬರಿನಲ್ಲಿ, ಪಶ್ಚಿಮ ಆಸ್ಟ್ರೇಲಿಯಾದ ರ‍್ಯಾಲಿಯಲ್ಲಿ, ಇವರ ಸುಬಾರು ಹಾದಿ ಬಿಟ್ಟು ಮಗುಚಿತು. ಬೋರ್ನ್ ಉಳಿದ. ಫ್ರೀತ್ ಉಳಿಯಲಿಲ್ಲ.

ಆ ವರ್ಷದ ಏಷ್ಯಾ ಪೆಸಿಫಿಕ್ ಪದವಿ ಬೋರ್ನನಿಗೆ ಬಂತು. ಮರುವರ್ಷವೂ ಬಂತು, 2000ದಲ್ಲಿ ಮತ್ತೊಮ್ಮೆ ಬಂತು. ಆಸ್ಟ್ರೇಲಿಯಾದ ರಾಷ್ಟ್ರೀಯ ಪದವಿಯನ್ನು 1996ರಿಂದ 2002ರವರೆಗೆ ಏಳು ವರ್ಷ ಬೇರೆಯವರ ಕೈಗೆ ಕೊಡಲಿಲ್ಲ. ಪಕ್ಕದ ಆಸನದಲ್ಲಿ ಬೇರೆಯವರ ದನಿ. ಹಳೆಯ ದನಿ ನಿಂತುಹೋದ ಮೇಲೆ ಇನ್ನೊಂದು ದನಿಯನ್ನು ನಂಬಿ ಕಾಣದ ತಿರುವಿಗೆ ಕಾರನ್ನು ಎಸೆಯುವುದು ಹೇಗಿದ್ದೀತು? ಈ ಪ್ರಶ್ನೆಗೆ ಗೆಲುವಿನ ಪಟ್ಟಿ ಉತ್ತರ ಕೊಡುವುದಿಲ್ಲ.

2003ರಲ್ಲಿ, ನಲವತ್ತೇಳರ ಅಂಚಿನಲ್ಲಿ, ಅವನು ವಿಶ್ವ ಪಂದ್ಯಾವಳಿಯ ಎರಡನೆಯ ಪಂಕ್ತಿಗೆ ಬಂದು ಕುಳಿತ. ಬೇರೆಯವರು ಆಟ ಬಿಡುವ ವಯಸ್ಸು. ಆ ಋತುವಿನ ನಡುವೆ, ಏಪ್ರಿಲ್ 18ರಂದು, ತನ್ನ ದೇಶದ ದಕ್ಷಿಣ ದ್ವೀಪದ ಕಾರ್ಡ್ರೋನಾ ಕಣಿವೆಯಲ್ಲಿ ಬೆಟ್ಟವೇರುವ ಪಂದ್ಯವೊಂದಕ್ಕೆಂದು ಹಾದಿ ನೋಡಲು ಹೋಗಿದ್ದ. ಪಂದ್ಯವಿನ್ನೂ ಆರಂಭವಾಗಿರಲಿಲ್ಲ. ರಸ್ತೆ ಮುಚ್ಚಿರಲಿಲ್ಲ. ತಿರುವಿನಲ್ಲಿ, ಅದೇ ಪಂದ್ಯಕ್ಕೆ ಬಂದಿದ್ದ ಇನ್ನೊಬ್ಬರ ಜೀಪು ಎದುರಾಯಿತು. ಹನ್ನೆರಡು ದಿನ ಕಳೆದು, ಏಪ್ರಿಲ್ 30ರಂದು, ಅವನು ತೀರಿಕೊಂಡ. ಇಪ್ಪತ್ತು ವರ್ಷ ಪುಸ್ತಕದ ಸಹಾಯದಿಂದ ಕಾಣದ ತಿರುವುಗಳನ್ನು ದಾಟಿದವನು, ಪುಸ್ತಕ ಬರೆಯಲು ಹೋದ ದಿನ ಸಾವಿನ ಪೆಟ್ಟು ತಿಂದ. ಆ ಬೆಟ್ಟದ ಮೇಲೆ ಕಣಿವೆಯ ಕಡೆ ನೋಡುವಂತೆ ಅವನ ಕಂಚಿನ ಪ್ರತಿಮೆಯೊಂದನ್ನು ಇಟ್ಟಿದ್ದಾರೆ.

ಇದನ್ನೆಲ್ಲ ತಿಳಿದುಕೊಂಡ ಮೇಲೆ ಚಿಕ್ಕಮಗಳೂರಿನ ಆ ಬೆಳಗು ನನ್ನ ನೆನಪಿನಲ್ಲಿ ಬೇರೆ ಬಣ್ಣ ಪಡೆಯಿತು. ಅಂದು ನನ್ನ ಮುಂದೆ ಮೊದಲು ಹಾದುಹೋದ ಸ್ಕೋಡಾ ಕಾರಿನಲ್ಲಿದ್ದವರು ದೆಹಲಿಯ ಗೌರವ್ ಗಿಲ್. 2013, 2016 ಮತ್ತು ಆ ವರ್ಷ, 2017, ಹೀಗೆ ಮೂರು ಸಲ ಏಷ್ಯಾ ಪೆಸಿಫಿಕ್ ಪದವಿ ಗೆದ್ದವರು. ಬೋರ್ನ್, ಕರಮ್‌ಜಿತ್ ಕುಳಿತ ಎಲೆಯಲ್ಲಿ ಕುಳಿತವರು. 2019ರಲ್ಲಿ ಅವರಿಗೆ ಅರ್ಜುನ ಪ್ರಶಸ್ತಿ ಬಂತು. ಮೋಟಾರು ರ‍್ಯಾಲಿಯವರೊಬ್ಬರಿಗೆ ಅದು ಸಂದದ್ದು ಅದೇ ಮೊದಲು. ನಾನು ಹಿಗ್ಗಿದೆ. ಒಂದು ತಿಂಗಳೂ ಕಳೆದಿರಲಿಲ್ಲ. ರಾಜಸ್ಥಾನದ ಬಾಡಮೇರ್ ಜಿಲ್ಲೆಯಲ್ಲಿ ರಾಷ್ಟ್ರೀಯ ಪಂದ್ಯವೊಂದರ ನಡುವೆ, ಹಾದಿಗೆ ಬಂದ ಮೋಟಾರು ಸೈಕಲ್ಲೊಂದಕ್ಕೆ ಅವರ ಕಾರು ಬಡಿದು, ಅದರ ಮೇಲಿದ್ದ ಗಂಡ, ಹೆಂಡತಿ, ಮಗ, ಮೂವರೂ ಸತ್ತರು. ತಪ್ಪು ಯಾರದೆಂದು ತೀರ್ಪು ಕೊಡುವ ಅಧಿಕಾರ ನನಗಿಲ್ಲ. ಕಾರಿನಲ್ಲಿದ್ದವರ ಪುಸ್ತಕದಲ್ಲಿ ಪ್ರತಿ ಕಲ್ಲೂ ಇತ್ತು, ಆ ಮೂವರು ಇರಲಿಲ್ಲ. ಆ ರಸ್ತೆ ಪಂದ್ಯಕ್ಕೆ ಮುಚ್ಚಿದ್ದು ಕೆಲವು ಗಂಟೆ. ಅಲ್ಲಿಯ ಜನಕ್ಕೆ ಅದು ಹುಟ್ಟಿದಾಗಿನಿಂದ ತೆರೆದೇ ಇದ್ದದ್ದು. ಚಿಕ್ಕಮಗಳೂರಿನ ರೈಟರು ಹೆಂಗಸರನ್ನು ಮೇಲಕ್ಕೆ, ಮೇಲಕ್ಕೆ ಎಂದು ಗದರಿಸಿದಾಗ ಈ ಮನುಷ್ಯನಿಗೆ ಎಷ್ಟು ದರ್ಪ ಎಂದುಕೊಂಡಿದ್ದೆ. ಆ ಮಾತನ್ನು ನಾನು ಹಿಂತೆಗೆದುಕೊಂಡಿದ್ದೇನೆ.

ಅಂದು ಕೊನೆಯ ಕಾರು ಹೋದ ಮೇಲೆ, ಹಾದಿ ಗುಡಿಸುವ ವಾಹನವೆಂದು ಅವರು ಕರೆಯುವ ಜೀಪೊಂದು ನಿಧಾನವಾಗಿ ಬಂತು. ಹಗ್ಗ ಬಿಚ್ಚಿದರು. ಹೆಂಗಸರು ಇಳಿದು ಗಿಡಗಳ ನಡುವೆ ಕರಗಿದರು. ತೋಟದ ಮುದುಕನೊಬ್ಬ ನಡುರಸ್ತೆಗೆ ಎದ್ದು ಬಂದಿದ್ದ ಬಂಡೆಗಳನ್ನು ಒಂದೊಂದಾಗಿ ಕಾಲಿನಿಂದ ಉರುಳಿಸಿ ಚರಂಡಿಯ ಅಂಚಿಗೆ ಸೇರಿಸುತ್ತಿದ್ದ. ಮಧ್ಯಾಹ್ನ ಕಾರುಗಳು ಇನ್ನೊಂದು ಸುತ್ತು ಬರುತ್ತವೆಂದು ಹುಡುಗ ಅವನಿಗೆ ಹೇಳಿದ. “ಬರಲಿ ಬಿಡಿ, ಅಲ್ಲೀವರೆಗೆ ನಮ್ಮ ಗಾಡಿ ಹೋಗಬೇಕಲ್ಲ” ಎಂದು ಮುದುಕ ಕೆಲಸ ಮುಂದುವರಿಸಿದ.

ನಾವೂ ಹೊರಟೆವು. ಬರುವಾಗ ತೋಟದ ಬಾಗಿಲಿನಿಂದ ಧರೆಯವರೆಗೆ ನಡೆದುಬಂದ ದಾರಿಯನ್ನು ನಾನು ಜೇಬಿನ ಪುಸ್ತಕದಲ್ಲಿ, ಮನೆಗೆ ಹೋಗುವವರ ದಿಕ್ಕಿಗೆ ತಿರುಗಿಸಿ, ಅವರ ಕ್ರಮದಲ್ಲಿಯೇ ಬರೆದಿಟ್ಟುಕೊಂಡಿದ್ದೆ. ಹುಡುಗ ತನ್ನ ಹಳೆಯ ಮಾರುತಿಯನ್ನು ಹೊರಡಿಸಿದ. ನಾನು ಕನ್ನಡಕ ಸರಿಮಾಡಿಕೊಂಡು, ತರಗತಿಯ ದನಿಯಲ್ಲಿ, ಸ್ಪಷ್ಟವಾಗಿ ಓದತೊಡಗಿದೆ. ಎಡ ಮೂರು, ಐವತ್ತು, ಬಲ ಎರಡು, ಮೋರಿ. ಗಂಟೆಗೆ ಇಪ್ಪತ್ತು ಕಿಲೋಮೀಟರಿನ ವೇಗವೂ ಇದ್ದಿರಲಾರದು. ನಾಲ್ಕನೆಯ ತಿರುವಿನಲ್ಲಿ ಅವನು ಕಾರು ನಿಲ್ಲಿಸಿ ನನ್ನ ಕಡೆ ತಿರುಗಿದ.

“ಮಾವಾ, ನೀವು ಓದುತ್ತಿರುವ ತಿರುವು ಆಗಲೇ ಹಿಂದೆ ಹೋಯಿತು.”